ಮೇಜರನೊಂದಿಗೆ ಭರಣಿಯಿಂದ ಭರಣಿಗೆ

ನಾವು ಅವಾಲಿಯಿಂದ ಹೊರಟದ್ದು ಶುಕ್ರವಾರ ಬೆಳಿಗ್ಗೆ, ತಿಂಡಿ ತಿಂದು, ಮೇಜರನಿಗೆ ಸ್ನಾನ ಮಾಡಿಸಿದ ಮೇಲೆ. ನಾವು ಎಂದರೆ ನಾನು, ನನ್ನ ತಮ್ಮ ಲಾರೆನ್ಸ್, ಪಿಕಪ್ ಓಡಿಸುವ ಇದಿನಬ್ಬ ಬ್ಯಾರಿಗಳು. ಮೇಜರ್ ಎಂಬುದು ನಾಯಿ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಲಾರೆನ್ಸನ ಪಕ್ಕದ ಮನೆಯಲ್ಲಿದ್ದ ಇಂಗ್ಲೆಂಡಿನವನು ಕೆಲಸ ಮುಗಿಸಿ ತನ್ನ ದೇಶಕ್ಕೆ ಹೋಗುವಾಗ ಬಿಟ್ಟು ಹೋದ ಮರಿ, ಈಗ ಬೆಳೆದು ಗಡವನಾಗಿತ್ತು.

ಬಹರೈನಿಗೆ ಬಂದು ನನಗೆ ಆಗ ಒಂದು ವಾರವಾಗಿತ್ತು. ಬೊಂಬಾಯಿವರೆಗೆ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ, ಅಲ್ಲಿಂದ ವಿಮಾನ. ಬಂಟ್ವಾಳದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಲೇ ತಲೆ ನರೆತ ನಾನು ಕಡಲು ದಾಟಿದ್ದು ಅದೇ ಮೊದಲು. ಮರಳು, ಒಂಟೆ, ಎಣ್ಣೆ ಬಾವಿ ಎಲ್ಲ ನೋಡಿ ಬಂದು ವರ್ಣಿಸುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟು ಬಂದಿದ್ದೆ. ಎಣ್ಣೆ ಬಾವಿ ದೂರದಿಂದ ಕಂಡದ್ದು ಹೌದು. ಆದರೆ ಹತ್ತಿರದಿಂದ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದ್ದು ವೈನಿನ ಭರಣಿಗಳನ್ನು. ಅರಬರ ದೇಶದಲ್ಲಿ, ನಾಯಿಯನ್ನು ಕಟ್ಟಿಕೊಂಡು, ಮನೆ ಮನೆ ವೈನ್ ರುಚಿ ನೋಡುತ್ತಾ ತಿರುಗಿದೆ ಎಂದು ಬರೆದರೆ ನಮ್ಮ ಹೆಡ್‌ಮಾಸ್ಟರು ನಂಬಲಾರರು. ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ವಿಷಯ ಇಷ್ಟು. ಎಣ್ಣೆ ಕಂಪೆನಿಯ ಸ್ಟೋರಿನಲ್ಲಿ ಹದಿನೆಂಟು ವರ್ಷ ದುಡಿದ ಲಾರೆನ್ಸನ ಕೆಲಸ ಮುಗಿದಿತ್ತು. ಅವನ ಕುರ್ಚಿಗೆ ಅಲ್ಲಿಯವನೇ ಆದ ಯುವಕನೊಬ್ಬ ಕಲಿತು ತಯಾರಾಗಿದ್ದ. ಅದು ನ್ಯಾಯವೇ ಎಂದು ಲಾರೆನ್ಸ್ ಎರಡೆರಡು ಸಲ ಹೇಳಿದ, ಯಾರೂ ಅಲ್ಲವೆನ್ನದಿದ್ದರೂ. ಕ್ರಿಸ್ಮಸ್ ಕಳೆದ ಕೂಡಲೇ ಅವಾಲಿಯಲ್ಲಿ ಕಂಪೆನಿ ಕೊಟ್ಟ ಮನೆ ಬಿಟ್ಟುಕೊಟ್ಟು ಅವನೂ ಹೆಂಡತಿ ಐರಿನಳೂ ಮಂಗಳೂರಿಗೆ ಹೊರಡಬೇಕು. ಅಲ್ಲಿ ಇಳಿಯುವುದು ಐರಿನಳ ತಾಯಿಯ ಮನೆಯಲ್ಲಿ. ಆ ಮುದುಕಿಗೆ ನಾಯಿಯ ರೋಮ ಮೂಗಿಗೆ ತಾಗಿದರೆ ದಮ್ಮು ಹಿಡಿಯುತ್ತದೆ. ನಾನಿರುವುದು ಕಾನ್ವೆಂಟಿನ ಹಾಸ್ಟೆಲಿನಲ್ಲಿ. ಹಾಗಾಗಿ ಶನಿವಾರದೊಳಗೆ ಮೇಜರನಿಗೆ ಇಲ್ಲೇ ಒಂದು ಮನೆ ಸಿಗಬೇಕಿತ್ತು. ಸಿಗದಿದ್ದರೆ, ಪಶುವೈದ್ಯರು ಕ್ರಿಸ್ಮಸ್ ರಜೆಗೆ ಹೋಗುವ ಮೊದಲು, ಶನಿವಾರ ಬೆಳಿಗ್ಗೆ ಅವರ ಬಳಿಗೆ, ಒಂದು ಇಂಜೆಕ್ಷನ್, ಅಲ್ಲಿಗೆ ಮುಗಿಯಿತು. ಬೀದಿಗೆ ಬಿಟ್ಟು ಹೋಗುವುದಕ್ಕಿಂತ ಅದೇ ವಾಸಿ ಎಂದು ಐರಿನ್ ತೀರ್ಮಾನಿಸಿದ್ದಳು. ಅವಳು ನರ್ಸ್, ಇಂಥ ಮಾತನ್ನು ತಡವರಿಸದೆ ಹೇಳಬಲ್ಲಳು. ಆ ದಿನ ಅವಳಿಗೆ ಡ್ಯೂಟಿ ಇತ್ತು. ನಾವು ಹೊರಡುವಾಗ ಗೇಟಿನ ಬಳಿ ನಿಂತು ಗಂಡನಿಗೆ ಹೇಳಿದಳು:

“ಸಂಜೆ ನಾನು ಬರುವಾಗ ಇವ ಇಲ್ಲಿ ಇರಬಾರ್ದು. ಇದ್ರೆ ನಾಳೆ ನೀವೇ ಕರ್ಕೊಂಡು ಹೋಗ್ಬೇಕು. ನನ್ನಿಂದ ಆಗ್ಲಿಕ್ಕಿಲ್ಲ.”

ಹಾಗೆಂದವಳು ನಾಯಿಯ ಕಡೆ ನೋಡದೆ ಒಳಗೆ ಹೋದಳು.

ನಾಯಿಗೆ ಮನೆ ಹುಡುಕುವುದಕ್ಕೂ ವೈನಿಗೂ ಎತ್ತಣ ಸಂಬಂಧ ಎಂದು ನಾನೂ ಕೇಳಿದೆ. ಬಹರೈನಿನಲ್ಲಿರುವ ನಮ್ಮ ಕೊಂಕಣಿ ಕ್ರಿಸ್ತುವರು ಊರಿನಂತೆಯೇ ಕ್ರಿಸ್ಮಸ್ಸಿಗೆ ಮನೆಯಲ್ಲಿ ವೈನ್ ಹಾಕುತ್ತಾರೆ. ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಚಿಟಿಕೆ ಈಸ್ಟ್. ಭರಣಿ ಮಾತ್ರ ಊರಿನಿಂದ ಸೀರೆ ಸುತ್ತಿ ತಂದದ್ದು. ಈ ದೇಶದಲ್ಲಿ ಹೀಗೆ ಮಾಡಬಹುದೋ ಬಾರದೋ ಎಂದು ವಿಚಾರಿಸಿದರೆ ಮೂವರು ಮೂರು ಉತ್ತರ ಕೊಟ್ಟರು. ಹೋಟೆಲಿನಲ್ಲಿ ಸಿಗುತ್ತದಂತೆ, ಅಂಗಡಿಯಲ್ಲೂ ಕೆಲವರಿಗೆ ಕೊಡುತ್ತಾರಂತೆ, ಮನೆಯದು ಮನೆಯೊಳಗೇ ಇದ್ದರೆ ಯಾರೂ ಕೇಳುವುದಿಲ್ಲವಂತೆ. ನನಗೆ ತಲೆಬುಡ ತಿಳಿಯಲಿಲ್ಲ. ಅಂತೂ ಕ್ರಿಸ್ಮಸ್ಸಿಗೆ ಮೊದಲಿನ ಶುಕ್ರವಾರ ಲಾರೆನ್ಸನ ಬಳಗದವರೆಲ್ಲ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚುತ್ತಾರೆ. ಗೆಳೆಯರು ಮನೆಯಿಂದ ಮನೆಗೆ ಹೋಗಿ ರುಚಿ ನೋಡಬೇಕು, ನೋಡಿ “ಫಸ್ಟ್ ಕ್ಲಾಸ್” ಎನ್ನಬೇಕು. ಬೇರೆ ಮಾತು ಹೇಳುವ ಪದ್ಧತಿಯಿಲ್ಲ. ಎಲ್ಲರೂ ಮನೆಯಲ್ಲಿರುವ, ಎಲ್ಲರ ಮನಸ್ಸೂ ಮೆತ್ತಗಿರುವ ದಿನ ಅದೊಂದೇ ಎಂಬುದು ಲಾರೆನ್ಸನ ಲೆಕ್ಕಾಚಾರ.

ಅದರಲ್ಲೊಂದು ತೊಡಕಿತ್ತು. ಹುಳಿ ತಿರುಗಿದ ವೈನಿನ ಭರಣಿ ಬಿಚ್ಚಿದರೆ ಮೇಜರ್ ಸೀನುತ್ತಾನೆ. ಯಾರೂ ಕಲಿಸಿದ್ದಲ್ಲ. ಕಳೆದ ವರ್ಷ ಟುಬ್ಲಿಯ ಸೆರಾಫಿನ್ ಆಂಟಿಯ ಮನೆಯಲ್ಲಿ, ಬಳಗವೆಲ್ಲ ಕೂತಿರುವಾಗ ಸೀನಿದ. ವಾರದೊಳಗೆ ಆ ವೈನ್ ವಿನೆಗರ್ ಆಯಿತು. ಅಂದಿನಿಂದ ಆ ಹೆಂಗಸು ಲಾರೆನ್ಸನ ಜೊತೆ ಮಾತು ಬಿಟ್ಟಿದ್ದರು. ಉಳಿದ ಮನೆಗಳ ಹೆಂಗಸರು ಮೇಜರನನ್ನು ಕಂಡರೆ ಭರಣಿಗೆ ಅಡ್ಡ ನಿಲ್ಲುತ್ತಿದ್ದರು. ಅಂಥ ನಾಯಿಯನ್ನು ಅಂಥವರ ಕೈಗೇ ಒಪ್ಪಿಸಲು ನಾವು ಹೊರಟಿದ್ದೆವು. ನನ್ನ ತಮ್ಮನ ಬುದ್ಧಿ ಚಿಕ್ಕಂದಿನಿಂದಲೂ ಹೀಗೆಯೇ.

ಲಾರೆನ್ಸ್ ತನ್ನ ಕಾರನ್ನು ಮಾರಿಯಾಗಿತ್ತು. ಕರೆಸಿದ ಟ್ಯಾಕ್ಸಿಯವನು ನಾಯಿಯನ್ನು ಕಂಡು ಗಾಜು ಏರಿಸಿ ಹಾಗೆಯೇ ಹೋಗಿಬಿಟ್ಟಿದ್ದ. ಆಗ ನೆನಪಾದವರು ಇದಿನಬ್ಬ ಬ್ಯಾರಿಗಳು. ಉಳ್ಳಾಲದ ಬ್ಯಾರಿ ಮುಸ್ಲಿಮರು, ಟುಬ್ಲಿಯಲ್ಲಿ ಗಾಡಿಯ ಬಿಡಿಭಾಗಗಳ ಅಂಗಡಿ ಇಟ್ಟವರು, ಲಾರೆನ್ಸನ ಹಳೆಯ ಸ್ನೇಹಿತರು. ಬಾಡಿಗೆ ಬೇಡ, ಪೆಟ್ರೋಲು ಹಾಕಿಸಿದರೆ ಸಾಕು ಎಂದರು. ಆದರೆ ಹತ್ತುವ ಮೊದಲೇ, ನನ್ನನ್ನು ಬಾಯಮ್ಮ ಎಂದೂ ಕ್ರಿಸ್ತುವರ ಗಂಡಸಾದ ಲಾರೆನ್ಸನನ್ನು ಊರಿನ ರೂಢಿಯಂತೆ ಪೊರ್ಬು ಎಂದೂ ಕರೆದು, ಎರಡು ಷರತ್ತು ಹೇಳಿದರು.

“ನಾಯಿ ಹಿಂದೆ ಇರ್ಲಿ ಬಾಯಮ್ಮ, ನಂಗೆ ತಾಗ್ಬಾರ್ದು. ಅದ್ರ ಎಂಜಲು ತಾಗಿದ್ರೆ ಏಳು ಸಲ ತೊಳೀಬೇಕು, ಒಂದು ಸಲ ಮಣ್ಣು ಹಾಕಿ. ಈ ಊರಲ್ಲಿ ಮರಳು ಬೇಕಾದಷ್ಟು ಉಂಟು, ಮಣ್ಣು ಎಲ್ಲಿಂದ ತರುದು? ಮತ್ತೆ ಪೊರ್ಬುಗಳೇ, ಬಾಟ್ಲಿ ನನ್ನ ಗಾಡಿಯಲ್ಲಿ ಬೇಡ. ಹೊಟ್ಟೆಯಲ್ಲಿ ಹಾಕ್ಕೊಂಡು ಬಂದ್ರೆ ನಾನು ಕೇಳುದಿಲ್ಲ.”

ಮೊದಲ ನಿಲುಗಡೆ ಹಮದ್ ಟೌನ್. ಅವಾಲಿಯಿಂದ ಅಲ್ಲಿಗೆ ಕಾಲು ಗಂಟೆಯ ದಾರಿ. ನಮಗೆ ಒಂದೂವರೆ ಗಂಟೆ ಬೇಕಾಯಿತು. ಅದು ಹೊಸದಾಗಿ ಕಟ್ಟಿದ ಊರು. ಒಂದು ರೌಂಡಬೌಟ್, ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು. ಎರಡೂ ಬದಿಯಲ್ಲಿ ಒಂದೇ ಬಣ್ಣದ, ಒಂದೇ ಎತ್ತರದ ಮನೆಗಳು. ಮರವಿಲ್ಲ, ಅಂಗಡಿಯ ಬೋರ್ಡಿಲ್ಲ, ದಾರಿ ಕೇಳೋಣವೆಂದರೆ ನಡೆದು ಹೋಗುವ ನರಪಿಳ್ಳೆಯಿಲ್ಲ. ತಣ್ಣನೆ ಗಾಳಿ ಬೀಸಿ ಕಣ್ಣಿಗೆ ಧೂಳು ತುಂಬುತ್ತಿತ್ತು. ಒಂದೇ ರೌಂಡಬೌಟನ್ನು ನಾವು ಮೂರು ಸಲ ಸುತ್ತಿದೆವು ಎಂದು ನಾನು, ಅಲ್ಲ, ಅವು ಮೂರು ಬೇರೆ ಬೇರೆ ಎಂದು ಲಾರೆನ್ಸ್. ಇದಿನಬ್ಬ ಬ್ಯಾರಿಗಳು ಇಬ್ಬರಿಗೂ ಹೌದು ಹೌದು ಎಂದರು.

ಕೊನೆಗೆ ಇದೇ ಮನೆ ಎಂದು ಲಾರೆನ್ಸ್ ಖಾತ್ರಿಯಿಂದ ಬಡಿದ ಬಾಗಿಲು ತೆರೆದವರು ಬಿಳಿ ನಿಲುವಂಗಿ ತೊಟ್ಟ ಅರಬ್ ಮುದುಕರು. ಮನೆ ತಪ್ಪಿತು, ಕ್ಷಮಿಸಿ ಎಂದು ಬ್ಯಾರಿಗಳು ಅರಬಿಯಲ್ಲಿ ಹೇಳುತ್ತಿದ್ದಂತೆ ಅವರು ನಮ್ಮನ್ನು ಒಳಗೆ ಕೂರಿಸಿಯೇ ಬಿಟ್ಟರು. ಖರ್ಜೂರ ಬಂತು, ಚಿಕ್ಕ ಬಟ್ಟಲಿನಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ ಬಂತು. ಕುಡಿದು ಬಟ್ಟಲು ಮುಂದಿಟ್ಟರೆ ಮತ್ತೆ ಹೊಯ್ದರು. ಬೇಡವೆಂದರೆ ಅವಮಾನವಾದೀತೆಂದು ನಾನು ಕುಡಿಯುತ್ತಾ ಹೋದೆ, ಅವರು ಹೊಯ್ಯುತ್ತಾ ಹೋದರು. ಸಾಕಾದರೆ ಬಟ್ಟಲನ್ನು ಅಲುಗಾಡಿಸಿ ತೋರಿಸಬೇಕು ಎಂದು ಬ್ಯಾರಿಗಳು ಹೇಳಿದ್ದು ನಾವು ಹೊರಗೆ ಬಂದ ಮೇಲೆ. ಹೊರಡುವಾಗ ಮುದುಕರು ಪಿಕಪ್ಪಿನ ಹಿಂದೆ ಕೂತಿದ್ದ ಮೇಜರನನ್ನು ದೂರದಿಂದಲೇ ದಿಟ್ಟಿಸಿ ಏನೋ ಕೇಳಿದರು.

“ಇದು ಬೇಟೆ ಆಡ್ತದಾ ಅಂತ ಕೇಳ್ತಾ ಇದ್ದಾರೆ,” ಎಂದರು ಬ್ಯಾರಿಗಳು. “ಇಲ್ಲ, ಸೀನ್ತದೆ ಅಂತ ಹೇಳಿದೆ. ಅವರಿಗೆ ಅರ್ಥ ಆಗ್ಲಿಲ್ಲ.”

ನಾವು ಹುಡುಕುತ್ತಿದ್ದ ಮನೆ ಅಲ್ಲಿಂದ ನಾಲ್ಕನೆಯದಾಗಿತ್ತು. ವಿಲ್ಫ್ರೆಡ್ ಮತ್ತು ಫಿಲೋಮಿನಾ ದಂಪತಿ ಅದರ ಅರ್ಧ ಭಾಗವನ್ನು ಬಾಡಿಗೆಗೆ ಹಿಡಿದಿದ್ದರು. ನಾಯಿಯನ್ನು ಒಳಗೆ ಕರೆದೊಯ್ಯುವ ಮೊದಲು ಲಾರೆನ್ಸ್ ಪಿಕಪ್ಪಿನ ಹಿಂದೆ ಹೋಗಿ ಮೇಜರನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಉಜ್ಜುತ್ತಿದ್ದ. ಪಾಪ, ಅಗಲುವ ಸಂಕಟ ಎಂದುಕೊಂಡು ನಾನು ಮುಖ ತಿರುಗಿಸಿದೆ.

ಅಲ್ಲಿ ಎಲ್ಲವೂ ಚೆನ್ನಾಗಿಯೇ ಶುರುವಾಯಿತು. ತಟ್ಟೆಯಲ್ಲಿ ಕ್ರಿಸ್ಮಸ್ಸಿನ ತಿಂಡಿಗಳು, ನೆವ್ರಿ, ಕಿಡಿಯೊ, ತುಕ್ಡಿ. ಊರಿನ ಸುದ್ದಿ, ಸತ್ತವರ ಸುದ್ದಿ, ಮದುವೆಯಾದವರ ಸುದ್ದಿ. ಎಲ್ಲ ಕೊಂಕಣಿಯಲ್ಲಿ, ನಡುನಡುವೆ ಬ್ಯಾರಿಗಳಿಗಾಗಿ ಕನ್ನಡದಲ್ಲಿ. ಫಿಲೋಮಿನಾ ತಾನಾಗಿಯೇ ಅಂದಳು: “ನಮ್ಗೆ ಅಂಗಳ ಉಂಟಲ್ಲ ಲಾರು. ಇವ ಇದ್ರೆ ನಂಗೂ ಧೈರ್ಯ.” ನನ್ನ ತಮ್ಮನ ಮುಖ ಊರಗಲವಾಯಿತು. ಇಷ್ಟು ಸುಲಭವೇ, ಇದಕ್ಕೇಕೆ ಇಷ್ಟು ಗೋಳಾಡಿದೆವು ಎಂದು ನನಗೂ ಅನಿಸಿತು.

ಆಮೇಲೆ ಭರಣಿ ಬಂತು. ಭರಣಿಯ ಬಟ್ಟೆಯನ್ನು ಮನೆಯ ಹೆಂಗಸೇ ಬಿಚ್ಚಬೇಕು, ಮೊದಲ ಲೋಟ ಬಂದವರಲ್ಲಿ ಹಿರಿಯರಿಗೆ ಎಂಬುದು ರೂಢಿ. ಹಾಗೆ ಲೋಟ ನನ್ನ ಕೈಗೆ ಬಂತು. ನಾನು ಅದನ್ನು ತುಟಿಗೆ ತಾಗಿಸಿದ ಕ್ಷಣವೇ ಮೇಜರ್ ಸೀನಿದ. ಒಂದಲ್ಲ, ಎರಡಲ್ಲ, ತಲೆ ಕೊಡವಿ ಕೊಡವಿ ಸೀನಿದ. ಫಿಲೋಮಿನಾಳ ಕೈ ಸೌಟಿನ ಮೇಲೆ ಹಾಗೇ ನಿಂತಿತು. ಇತ್ತ ನನ್ನ ಬಾಯಿಯಲ್ಲಿದ್ದದ್ದು ನಾನು ಈವರೆಗೆ ಕುಡಿದುದರಲ್ಲೇ ಒಳ್ಳೆಯ ವೈನ್. ಸಿಹಿಯೂ ಹದ, ಹುಳಿಯೂ ಹದ. “ಫಸ್ಟ್ ಕ್ಲಾಸ್,” ಎಂದೆ, ಮನಸಾರೆ. ಯಾರೂ ನಂಬಲಿಲ್ಲ. ಎಲ್ಲರೂ ಹೇಳುವ ಮಾತೇ ಅದಾದ್ದರಿಂದ ನಿಜ ಹೇಳುವವಳಿಗೆ ಬೇರೆ ಮಾತೇ ಉಳಿದಿರಲಿಲ್ಲ. ವಿಲ್ಫ್ರೆಡ್ ನಮ್ಮನ್ನು ಗೇಟಿನವರೆಗೆ ಬಿಟ್ಟು, ಲಾರೆನ್ಸನ ಹೆಗಲ ಮೇಲೆ ಕೈಯಿಟ್ಟ.

“ನಾಯಿ ವಿಷಯ ಹೊಸ ವರ್ಷ ಕಳೆದು ಮಾತಾಡುವ, ಆಯ್ತಾ?”

ಹೊಸ ವರ್ಷಕ್ಕೆ ಲಾರೆನ್ಸ್ ಈ ದೇಶದಲ್ಲೇ ಇರುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಲಾರೆನ್ಸನೂ “ಆಯ್ತು, ಆಯ್ತು” ಎಂದ. ಒಪ್ಪಿದ್ದನ್ನೂ ಒಪ್ಪದಿದ್ದುದನ್ನೂ ಇವರು ಒಂದೇ ನಗುವಿನಲ್ಲಿ ಹೇಳಿ ಮುಗಿಸುವುದನ್ನು ನೋಡಿ ನಾನು ಗೊಂದಲಗೊಂಡೆ. ಊರಿನಲ್ಲಿ ನಾವೂ ಹೀಗೆಯೇ ಇದ್ದೇವೆ. ಆದರೆ ಅಲ್ಲಿ ಅದು ಕಣ್ಣಿಗೆ ಹೊಡೆದಿರಲಿಲ್ಲ.

ಪಿಕಪ್ ಹೊರಟ ಮೇಲೆ ಲಾರೆನ್ಸ್ ಬಾಯಿಬಿಟ್ಟ. “ವಾಸನೆ ಹಿಡೀದ ಹಾಗೆ ಇವನ ಮೂಗಿಗೆ ಒಂಚೂರು ತೆಂಗಿನೆಣ್ಣೆ ಹಚ್ಚಿದ್ದೆ ಅಕ್ಕ. ಅವ ಅದಕ್ಕೇ ಸೀನಿದ್ದು.”

“ಎಂತ ಮರ್ಲಾ, ಹುಚ್ಚಾ ನಿಂಗೆ?” ಎಂದೆ. “ಅಷ್ಟು ಒಳ್ಳೆ ವೈನು! ಹೋಗಿ ಹೇಳು ಅವಳಿಗೆ.”

“ಹೇಳಿದ್ರೆ, ನನ್ನ ವೈನು ಕೆಟ್ಟದು ಅಂತ ಮೊದ್ಲೇ ಎಣಿಸಿದ್ದೆಯಾ ಅಂತ ಕೇಳುದಿಲ್ವಾ ಅವಳು?”

ಇದಿನಬ್ಬ ಬ್ಯಾರಿಗಳು ನಗು ತಡೆಯಲಾರದೆ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಬೇಕಾಯಿತು. ಅಲ್ಲಿಯೇ ಲಾರೆನ್ಸ್ ನನ್ನ ಕರವಸ್ತ್ರ ತೆಗೆದುಕೊಂಡು ಮೇಜರನ ಮೂಗು ಒರೆಸಿದ. ಆ ಕರವಸ್ತ್ರವನ್ನು ನಾನು ವಾಪಸು ಕೇಳಲಿಲ್ಲ.

ಮನಾಮಾ ಸೇರುವಾಗ ಮಧ್ಯಾಹ್ನದ ಬಾಂಗ್ ಮುಗಿದಿತ್ತು. ಅಂಗಡಿಗಳ ಬಾಗಿಲು ಹಾಕಿ ಬೀದಿಗಳೆಲ್ಲ ಖಾಲಿ. ಶುಕ್ರವಾರವೇ ಭಾನುವಾರವೆಂಬುದು ನನ್ನ ತಲೆಗೆ ಇನ್ನೂ ಇಳಿದಿರಲಿಲ್ಲ. ಚರ್ಚಿನ ಪೂಜೆ ತಪ್ಪಿಸಿದೆನೇ ಎಂದು ಮತ್ತೆ ಮತ್ತೆ ಬೆಚ್ಚುತ್ತಿದ್ದೆ. ಬ್ಯಾರಿಗಳು ಮಸೀದಿಗೂ ಅಲ್ಲಿಂದ ತಮ್ಮವರ ಮನೆಯ ಊಟಕ್ಕೂ ಹೋದರು. ನಾವು ತರಕಾರಿ ಮಾರ್ಕೆಟಿನ ಹತ್ತಿರದ ಕಟ್ಟಡವೊಂದರ ಮೂರನೆಯ ಮಾಳಿಗೆ ಹತ್ತಿದೆವು. ಅಲ್ಲಿ ಲಾರೆನ್ಸನ ಗೆಳೆಯ ಸಿಪ್ರಿಯನ್, ಅವನ ಹೆಂಡತಿ ಸಿಂತಿಯಾ, ಇಂಗ್ಲಿಷಿನಲ್ಲೇ ಮಾತಾಡುವ ಇಬ್ಬರು ಹೆಣ್ಣುಮಕ್ಕಳು. ಅಂಜಲ್ ಮೀನಿನ ಗಸಿ, ಸಣ್ಣಕ್ಕಿ ಅನ್ನದ ಊಟ. ಊರಿನ ಕುಚ್ಚಲಕ್ಕಿ ಇಲ್ಲವೆಂಬ ಒಂದು ಕೊರತೆ ಬಿಟ್ಟರೆ ತೃಪ್ತಿಯಾಯಿತು. ಮಕ್ಕಳು ಮೇಜರನ ಕೊರಳಿಗೆ ಜೋತುಬಿದ್ದರು.

ಊಟದ ಮೇಲೆ ಭರಣಿ. ಲಾರೆನ್ಸ್ ನಾಯಿಯ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು ಶಿಲುಬೆಯ ಗುರುತು ಮಾಡಿದ್ದನ್ನು ಕಂಡೆ. ಸಿಂತಿಯಾ ಭರಣಿಯ ಬಟ್ಟೆ ಬಿಚ್ಚಿದಳು. ಮೇಜರ್ ಎದ್ದ, ಭರಣಿಯನ್ನು ಮೂಸಿದ, ಅದಕ್ಕೇ ಒರಗಿ ಮಲಗಿ ನಿದ್ದೆ ಹೋದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕುಡಿದೆ. ಹುಣಸೆಹುಳಿಯ ನೀರು ಕುಡಿದಂತೆ ಕಿವಿಯವರೆಗೆ ಜುಮ್ಮೆಂದಿತು. “ಫಸ್ಟ್ ಕ್ಲಾಸ್,” ಎಂದೆ. ಲಾರೆನ್ಸ್ ಕುಡಿದು, ಒಂದು ಗಳಿಗೆ ಕಣ್ಣು ಮುಚ್ಚಿ, “ಫಸ್ಟ್ ಕ್ಲಾಸ್” ಎಂದ. ಇನ್ನು ನನಗೆ ಏನೆಂದರೆ ಏನೂ ತಿಳಿಯದಾಯಿತು. ಎಣ್ಣೆಯಿಂದ ನಾಯಿಯ ಮೂಗು ಸತ್ತಿತೇ? ದಾರಿಯ ಆಯಾಸವೇ? ಇಲ್ಲ, ನಮ್ಮ ಜೊತೆ ತಿರುಗಿ ತಿರುಗಿ ಅವನೂ ದಾಕ್ಷಿಣ್ಯ ಕಲಿತನೇ?

ಮಕ್ಕಳು ಕಾಡಿದರು, ಸಿಂತಿಯಾ ಒಪ್ಪಿದಳು, ಸಿಪ್ರಿಯನ್ ಒಪ್ಪಿದ. ಲಾರೆನ್ಸ್ ಬೆರಳಿಗೆ ಸುತ್ತಿದ್ದ ಪಟ್ಟಿ ಬಿಚ್ಚಿ ದೊಡ್ಡವಳ ಕೈಗೆ ಕೊಟ್ಟು, ಮೇಜರ್ ಏಳುವ ಮೊದಲೇ ಹೊರಗೆ ಬಂದ. ಮಾಳಿಗೆಯ ಅರ್ಧ ಮೆಟ್ಟಲು ಇಳಿದಿದ್ದೆವು. ಮೇಲಿನಿಂದ ಸಿಂತಿಯಾ ಬಗ್ಗಿ ಹೇಳಿದಳು:

“ಕ್ರಿಸ್ಮಸ್‌ವರೆಗೆ ಇಲ್ಲೇ ಇರ್ಲಿ ಲಾರು. ಬಂದವರೆಲ್ಲ ನೋಡ್ಲಿ, ನನ್ನ ವೈನಿಗೆ ಇವ ಸೀನುದಿಲ್ಲ ಅಂತ. ಮತ್ತೆ ಈ ಬಿಲ್ಡಿಂಗಲ್ಲಿ ನಾಯಿ ಇಡ್ಲಿಕ್ಕೆ ಬಿಡುದಿಲ್ಲ ಅಲ್ವಾ, ಆವಾಗ ಬಂದು ಕರ್ಕೊಂಡು ಹೋಗಿ.”

ಲಾರೆನ್ಸ್ ಕಂಬಿ ಹಿಡಿದು ನಿಂತ. ಕ್ರಿಸ್ಮಸ್ಸಿನ ಮರುದಿನ ಅವನ ವಿಮಾನ. ಅವನು ಮೇಲೆ ಹತ್ತಿ ಹೋಗಿ ನಾಯಿಯನ್ನು ಪಟ್ಟಿಯ ಸಮೇತ ಎತ್ತಿಕೊಂಡೇ ಬಂದ. ಆ ತೂಕದ ನಾಯಿಯನ್ನು ಮೂರು ಮಾಳಿಗೆ ಎತ್ತಿಕೊಂಡು ಇಳಿಯುವಾಗ ಅವನ ಉಸಿರು ಏರಿತ್ತು, ಆದರೂ ಕೆಳಗಿಳಿಸಲಿಲ್ಲ. ಮೇಲೆ ಮಕ್ಕಳು ಅಳುವುದು ಬೀದಿಯವರೆಗೆ ಕೇಳಿಸುತ್ತಿತ್ತು. ನನಗೆ ಮೊದಲ ಬಾರಿ ಭಯವಾದದ್ದು ಆಗ. ಅಲ್ಲಿಯವರೆಗೆ ಶನಿವಾರದ ಇಂಜೆಕ್ಷನ್ ಎಂಬುದು ನನಗೆ ಬರೀ ಮಾತಾಗಿತ್ತು. ನಾಯಿಗಳೆಂದರೆ ನನಗೆ ಮೊದಲಿನಿಂದ ಅಷ್ಟಕ್ಕಷ್ಟೇ. ಆದರೆ ಪಿಕಪ್ಪಿನ ಹಿಂದೆ ಹತ್ತಿದ ಮೇಜರ್ ಬಾಲ ಅಲ್ಲಾಡಿಸಿ, ಇನ್ನು ಯಾವ ಮನೆಗೆ ಎಂಬಂತೆ ನಮ್ಮ ಮುಖ ನೋಡಿದಾಗ ಅರಿವಿಲ್ಲದೆ ಕೈ ಚಾಚಿ ಅವನ ತಲೆ ಸವರಿದೆ.

ಇನ್ನೊಂದು ಮನೆ ಗುದೈಬಿಯಾದಲ್ಲಿತ್ತು. ಹೋಗಿ ನೋಡಿದರೆ ಬೀಗ. ಅಲ್ಲಿಗೆ ಲಾರೆನ್ಸ್ ಬರೆದಿಟ್ಟ ಮನೆಗಳ ಪಟ್ಟಿ ಮುಗಿಯಿತು. ಇದಿನಬ್ಬ ಬ್ಯಾರಿಗಳು ಗಾಡಿಯನ್ನು ದಕ್ಷಿಣಕ್ಕೆ ತಿರುಗಿಸಿದರು. ಟುಬ್ಲಿಯಲ್ಲಿ ತಮ್ಮ ಅಂಗಡಿಯ ಬಳಿ ಇಳಿಹೊತ್ತಿನ ಅಸರ್ ನಮಾಝ್ ಮುಗಿಸಿ ಅವಾಲಿಗೆ ಬಿಡುತ್ತೇನೆ ಎಂದರು.

ಟುಬ್ಲಿ ಎಂದರೆ ಗ್ಯಾರೇಜುಗಳ ಊರು. ಸಾಲಾಗಿ ತಗಡಿನ ಶೆಡ್ಡುಗಳು, ಬಾನೆಟ್ ತೆರೆದು ನಿಂತ ಕಾರುಗಳು, ಎಣ್ಣೆ ಕುಡಿದು ಕಪ್ಪಾದ ಮರಳು. ರಜೆಯಾದ್ದರಿಂದ ಸುತ್ತಿಗೆಯ ಸದ್ದಿಲ್ಲ. ಬ್ಯಾರಿಗಳು ಗಾಡಿ ನಿಲ್ಲಿಸಿ ಹೋದದ್ದೇ ತಡ, ಲಾರೆನ್ಸ್ ಸೀಟಿನಲ್ಲಿ ಕುಸಿದು ತಲೆ ತಗ್ಗಿಸಿದ.

“ಎದುರು ನೀಲಿ ಗೇಟು ಉಂಟಲ್ಲ ಅಕ್ಕ, ಅದು ಸೆರಾಫಿನ್ ಆಂಟಿಯ ಮನೆ. ನೋಡ್ಬೇಡ ಆ ಕಡೆ.”

ನೋಡದೆ ಇರುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅರಬ್ ಮುದುಕರ ಕಾಫಿ, ಎರಡು ಮನೆಯ ವೈನ್, ನೀರು ಎಲ್ಲ ಸೇರಿ ಬಹಳ ಹೊತ್ತಿನಿಂದ ನನ್ನನ್ನು ಪೀಡಿಸುತ್ತಿದ್ದವು. ಆ ಬೀದಿಯಲ್ಲಿ ತೆರೆದಿದ್ದ ಬಾಗಿಲು ಅದೊಂದೇ. ಮಾನ ಉಳಿದರೆ ಸಾಕೆಂದು ಇಳಿದು ಹೋದೆ. ಹಿಂದೆಯೇ ಮೇಜರ್ ಜಿಗಿದು ಬಂದ. ಅಡಗಿ ಕೂತಿದ್ದ ಲಾರೆನ್ಸನಿಗೆ ಅವನನ್ನು ಕಟ್ಟುವುದು ಮರೆತುಹೋಗಿತ್ತು.

ಸೆರಾಫಿನ್ ಆಂಟಿ ಅರುವತ್ತರ ಸಮೀಪದ ಗಟ್ಟಿ ಹೆಂಗಸು. ಗಂಡ ಗ್ಯಾರೇಜಿನ ಫೋರ್ಮನ್. ಇವರು ಅಲ್ಲಿಯ ಕೆಲಸಗಾರರಿಗೆ ಅಡುಗೆ ಮಾಡಿ ಹಾಕುತ್ತಾರೆ. ನಾನು ಏನೂ ಹೇಳುವ ಮೊದಲೇ ಬಚ್ಚಲು ತೋರಿಸಿದರು. ಹೊರಗೆ ಬಂದಾಗ ಅವರು ಮೋರಿಯ ಕಟ್ಟೆಯಲ್ಲಿ ಕೂತು ಮೇಜರನಿಗೆ ಮೀನಿನ ತಲೆ ತಿನ್ನಿಸುತ್ತಿದ್ದರು.

“ನೀವು ಲಾರುವಿನ ಅಕ್ಕ ಅಲ್ವಾ? ಮೂಗು ನೋಡಿದ್ರೇ ಗೊತ್ತಾಗ್ತದೆ,” ಎಂದರು. “ಅವ ಎಲ್ಲಿ? ಹೊರಗೆ ಅಡಗಿ ಕೂತಿದ್ದಾನಾ?”

ಕಳೆದ ವರ್ಷ ನಡೆದದ್ದಕ್ಕೆ ಬೇಸರವಾಯಿತು, ನಾಯಿಯದ್ದು ತಪ್ಪಾಯಿತು ಎಂದು ನಾನು ತೊದಲಿದೆ. ಅವರು ಕೈ ಬೀಸಿದರು.

“ನಾಯಿದೆಂತ ತಪ್ಪು? ಆ ದಿನ ಇಲ್ಲಿ ಮನೆ ತುಂಬ ಜನ ಇದ್ರು. ಎಲ್ಲರೂ ಕುಡಿದ್ರು, ಎಲ್ಲರೂ ಫಸ್ಟ್ ಕ್ಲಾಸ್ ಅಂದ್ರು. ನಿಮ್ಮ ತಮ್ಮ ಇನ್ನೊಂದು ಗ್ಲಾಸು ಕೇಳಿ ಕುಡ್ದ. ಇವ ಒಬ್ಬ ಸೀನಿದ. ನಾನು ಇವನಿಗೇ ಬೈದು ಹೊರಗೆ ಹಾಕಿದೆ. ಕ್ರಿಸ್ಮಸ್ ದಿನ ಪಾದ್ರಿಗಳನ್ನು ಊಟಕ್ಕೆ ಕರ್ದಿದ್ದೆ. ಅದೇ ವೈನು ಕೊಟ್ಟೆ. ಪಾದ್ರಿಗಳ ಕಣ್ಣಲ್ಲಿ ದಳದಳ ನೀರು ಬಂತು. ಆದ್ರೂ ಫಸ್ಟ್ ಕ್ಲಾಸ್ ಅಂದ್ರು! ಅವರು ಹೋದ ಮೇಲೆ ನಾನು ಕುಡಿದು ನೋಡ್ತೇನೆ, ವಿನೆಗರ್. ಒಂದು ವರ್ಷ ಹಂದಿ ಮಾಂಸಕ್ಕೆ ಅದನ್ನೇ ಹಾಕಿದೆ.”

ಅವರು ನಗಲಿಲ್ಲ. ನಾನು ನಗು ನುಂಗಿಕೊಂಡೆ.

“ನಾಯಿ ಸೀನಿದ್ದನ್ನು ಲಾರು ನೋಡಿದ್ದ,” ಎಂದರು ಮೆಲ್ಲಗೆ. “ಅವನಿಗೆ ಗೊತ್ತಿತ್ತು. ನಂಗೆ ಒಂದು ಮಾತು ಹೇಳ್ಬಹುದಿತ್ತು. ನನ್ನ ಸ್ವಂತ ತಮ್ಮನ ಹಾಗೆ ಎಣಿಸಿದ್ದೆ ಅವನನ್ನು.”

ಈ ವರ್ಷ ಅವರು ಯಾರಿಗೂ ಹೇಳದೆ ಚಿಕ್ಕದೊಂದು ಭರಣಿ ಹಾಕಿದ್ದರು. ಅದನ್ನು ತಂದು ನನ್ನೆದುರು ಬಿಚ್ಚಿದರು. ಮೇಜರ್ ಮೀನಿನ ತಲೆಯನ್ನು ಬಿಟ್ಟು ಏಳಲಿಲ್ಲ. ಅವನಿಂದ ಈ ಸಲ ಯಾವ ಸಹಾಯವೂ ಸಿಗುವಂತಿರಲಿಲ್ಲ. ಲೋಟ ನನ್ನ ಕೈಗೆ ಬಂತು. ಕುಡಿದೆ. ಅಭ್ಯಾಸಬಲದಿಂದ ಆ ಎರಡು ಶಬ್ದ ನಾಲಗೆಯ ತುದಿಗೆ ಬಂದವು. ಅವರ ಕಣ್ಣು ನೋಡಿ ತಡೆದೆ.

“ಸಕ್ಕರೆ ಹೆಚ್ಚಾಗಿದೆ,” ಎಂದೆ. “ಶರಬತ್ತಿನ ಹಾಗುಂಟು.”

ಸೆರಾಫಿನ್ ಆಂಟಿ ತಾವೂ ಒಂದು ಗುಟುಕು ಕುಡಿದು ಯೋಚಿಸಿದರು. “ಹೌದು. ಹುಳಿ ಆಗ್ತದೆ ಅಂತ ಹೆದರಿ ಎರಡು ಹಿಡಿ ಜಾಸ್ತಿ ಹಾಕಿದ್ದೆ,” ಎಂದರು. ಅವರ ಹುಬ್ಬು ಸಡಿಲವಾಯಿತು.

ಬೆಳಗಿನಿಂದ ಯಾರ ಬಾಯಿಂದಲೂ ನೇರವಾಗಿ ಬಾರದ ಮಾತನ್ನು ನಾನು ಆಗ ಕೇಳಿಬಿಟ್ಟೆ. “ಈ ನಾಯಿಯನ್ನು ನೀವು ಇಟ್ಕೊಳ್ತೀರಾ? ಇವತ್ತು ಮನೆ ಸಿಗದಿದ್ರೆ ನಾಳೆ ಇಂಜೆಕ್ಷನ್ ಕೊಟ್ಟು ಕೊಲ್ಲಿಸ್ತಾರೆ.”

“ನಾಳೆಯಾ?” ಎಂದು ಅವರು ಎದ್ದೇ ನಿಂತರು. “ಕರೀರಿ ಅವನನ್ನು.”

ಲಾರೆನ್ಸ್ ಬಂದ. ಐವತ್ತರ ಹತ್ತಿರದ ಗಂಡಸು, ಸೊಂಟದ ಮುಂದೆ ಕೈ ಕಟ್ಟಿಕೊಂಡು ನಿಂತ. ಸೆರಾಫಿನ್ ಆಂಟಿ ಲೋಟ ತುಂಬಿ ಅವನ ಮುಂದೆ ಹಿಡಿದರು.

“ಕುಡಿ. ಕುಡಿದು ಸತ್ಯ ಹೇಳು. ಹೇಳಿದ್ರೆ ಇವ ಇಲ್ಲೇ ಇರ್ತಾನೆ. ಫಸ್ಟ್ ಕ್ಲಾಸ್ ಅಂತ ಹೇಳಿದ್ಯಾ, ಈಗ್ಲೇ ಕರ್ಕೊಂಡು ನಡಿ.”

ನಾನು ಅವರ ಬೆನ್ನ ಹಿಂದೆ ನಿಂತು, ಸಕ್ಕರೆ, ಸಕ್ಕರೆ ಎಂದು ತುಟಿ ಆಡಿಸಿದೆ. ಇಷ್ಟು ವರ್ಷ ಪರೀಕ್ಷೆಯ ಕೋಣೆಯಲ್ಲಿ ಇಂಥದನ್ನು ಹಿಡಿದು ಶಿಕ್ಷಿಸಿದವಳು ನಾನೇ. ಲಾರೆನ್ಸ್ ನನ್ನ ಕಡೆ ನೋಡಲಿಲ್ಲ. ಅವನು ಲೋಟ ಬರಿದು ಮಾಡಿದ. ಮೇಜರ್ ಆಂಟಿಯ ಕಾಲ ಮೇಲೆ ಗಲ್ಲವಿಟ್ಟು ಮಲಗಿದ್ದ. ಲಾರೆನ್ಸ್ ಅವನನ್ನೇ ನೋಡುತ್ತಿದ್ದ. ನನ್ನ ತಮ್ಮನ ತುಟಿ ಎರಡು ಸಲ ಅಲುಗಿ ನಿಂತಿತು. ಆ ಎರಡು ಶಬ್ದಗಳೇ ಬರುತ್ತವೆ, ನಾಯಿಯ ಕಥೆ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ.

“ನಂಗೆ ಎಂತದೂ ರುಚಿ ಗೊತ್ತಾಗ್ತಾ ಇಲ್ಲ ಆಂಟಿ,” ಎಂದ ಲಾರೆನ್ಸ್.

ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಸೆರಾಫಿನ್ ಆಂಟಿ ಲೋಟ ತೆಗೆದುಕೊಂಡು, ಇನ್ನೊಂದು ಕೈಯನ್ನು ನಾಯಿಯ ಪಟ್ಟಿಗಾಗಿ ಚಾಚಿದರು.

ಆಮೇಲೆ ಲಾರೆನ್ಸನನ್ನು ಅಲ್ಲಿಂದ ಹೊರಡಿಸುವುದೇ ಕಷ್ಟವಾಯಿತು. ಕೋಳಿಯ ಎಲುಬು ಕೊಡಬಾರದು, ಗುಡುಗು ಬಂದರೆ ಮಂಚದ ಅಡಿಗೆ ಹೋಗುತ್ತಾನೆ, ಎಡಗಿವಿ ಮುಟ್ಟಿದರೆ ಆಗುವುದಿಲ್ಲ, ಇಂಗ್ಲಿಷಿನಲ್ಲಿ ಕರೆದರೆ ಬೇಗ ಬರುತ್ತಾನೆ, ಈಗ ಕೊಂಕಣಿಯೂ ತಿಳಿಯುತ್ತದೆ ಎಂದು ಹೇಳುತ್ತಲೇ ಹೋದ. “ಗೊತ್ತಾಯ್ತು, ಗೊತ್ತಾಯ್ತು,” ಎನ್ನುತ್ತಲೇ ಆಂಟಿ ಅವನನ್ನು ಗೇಟಿನವರೆಗೆ ತಳ್ಳಿಕೊಂಡು ಬಂದರು. ಹೊರಗೆ ಇದಿನಬ್ಬ ಬ್ಯಾರಿಗಳು ಕಾಯುತ್ತಿದ್ದರು. ನಾವು ಇಬ್ಬರೇ ಬಂದದ್ದನ್ನು ನೋಡಿ ಅವರು “ಅಲ್‌ಹಮ್ದುಲಿಲ್ಲಾ” ಎಂದು ಗಾಡಿ ಹತ್ತಿದರು.

ನಾನು ತಿರುಗಿ ನೋಡಿದೆ. ಮೇಜರ್ ನೀಲಿ ಗೇಟಿನ ಸಂದಿಯಲ್ಲಿ ಮೂಗು ತೂರಿಸಿ ನಿಂತಿದ್ದ. ಅವನು ಬೊಗಳಲಿಲ್ಲ, ಊಳಿಡಲಿಲ್ಲ. ಇವರು ಇನ್ನೊಂದು ಮನೆಗೆ ಹೋಗಿ ಬರುತ್ತಾರೆಂದು ಎಣಿಸಿರಬೇಕು. ಅದು ಸಂತೋಷದ ಗಳಿಗೆಯೋ ದುಃಖದ್ದೋ ಎಂದು ನನಗೆ ಈಗಲೂ ಹೇಳಲಾಗುವುದಿಲ್ಲ. ನಾಯಿಯ ಜೀವ ಉಳಿದಿತ್ತು. ಹಾಗಿದ್ದೂ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ, ಒಂದು ವಾರದ ಪರಿಚಯದ ನಾಯಿಗಾಗಿ.

ರಸ್ತೆಯ ಕೂಡುದಾರಿಗೆ ಬಂದಾಗ ಬ್ಯಾರಿಗಳು ಗಾಡಿ ನಿಧಾನಿಸಿದರು. “ಇನ್ನು ಎಲ್ಲಿಗೆ ಪೊರ್ಬುಗಳೇ?”

“ಮನೆಗೆ,” ಎಂದ ಲಾರೆನ್ಸ್.

“ಯಾರ ಮನೆಗೆ?”

ಬ್ಯಾರಿಗಳು ಕೇಳಿದ್ದು ಸಹಜವೇ. ಬೆಳಗಿನಿಂದ ನಾವು ಒಬ್ಬೊಬ್ಬರ ಮನೆ ತಿರುಗಿದವರು. ಲಾರೆನ್ಸ್ ಉತ್ತರ ಹೇಳಲು ಬಾಯಿ ತೆರೆದ. ಗಾಜಿನಾಚೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡಿದ, ದಾರಿ ತಪ್ಪಿದವರ ಹಾಗೆ. ಹಿಂದಿನಿಂದ ಒಂದು ಲಾರಿ ಹಾರನ್ ಹೊಡೆಯತೊಡಗಿತು. ಅವಾಲಿಗೆ, ಕಂಪೆನಿಯ ಮನೆಗೆ ಎಂದು ಕೊನೆಗೆ ನಾನೇ ಹೇಳಬೇಕಾಯಿತು.